ಪಂಜವಿಲ್ಲದ ಹದಿನೆಂಟು ರಕೂನ್

ಜನವರಿ ೯, ೧೯೮೭. ಶುಕ್ರವಾರ, ಬೆಳಗ್ಗೆ

ಇವತ್ತು ಚರ್ಚಿನ ಉಪವಾಸ — ಜನವರಿ ಮುಗಿಯುವವರೆಗೆ ಬುಧವಾರ, ಶುಕ್ರವಾರ. ಮಧ್ಯಾಹ್ನ ಮೂರರವರೆಗೆ ಬರೀ ನೀರು. ಒಲೆಯ ಬೂದಿ ಬಳಿದೆ, ಸೌದೆ ತಂದೆ, ಕೋಳಿಗಳಿಗೆ ಕಾಳು ಹಾಕಲು ಹೋದೆ. ಹೋಗಿ ನೋಡಿದರೆ ಗೂಡಿನ ಕೊಂಡಿ ಮತ್ತೆ ತೆಗೆದಿದೆ. ಮುರಿದಿಲ್ಲ — ತೆಗೆದಿದೆ. ಕೊಂಡಿ ಎತ್ತಿ, ಬಾಗಿಲು ಎಳೆದು, ಎರಡು ಮೊಟ್ಟೆ ಅಲ್ಲೇ ಒಡೆದು ಕುಡಿದು, ಕಂದು ಹೇಂಟೆಯ ತಲೆ ಕಚ್ಚಿ ಹೋಗಿದೆ. ಕೆಸರಿನಲ್ಲಿ ಗುರುತು. ಎಳೆಮಗು ಅಂಗೈ ಊರಿದ ಹಾಗೆ, ಐದು ಬೆರಳು. ಕಣ್ಣಿಗೆ ಕಪ್ಪು ಪಟ್ಟಿ, ಬಾಲಕ್ಕೆ ಬಳೆ ಇರುವ ಆ ಕಳ್ಳ ರಕೂನ್ ಅಲ್ಲದೆ ಇನ್ನಾವುದಕ್ಕೆ ಇಂಥ ಕೈ ಇದೆ? ಮೊದಲು ಕೊಂಡಿ ಹಾಕಿದೆ, ಕಲಿತಿತು. ಮೇಲೊಂದು ಅಗುಳಿ ಹಾಕಿದೆ, ಅದನ್ನೂ ಕಲಿತಿತು. ಇವತ್ತು ತಂತಿ ಸುತ್ತಿದ್ದೇನೆ. ಉಪವಾಸದ ದಿನ ಶಾಪ ಹಾಕಬಾರದೆಂದು ಸುಮ್ಮನಿದ್ದೇನೆ.

ಚರ್ಚಿನ ಚಳಿಗಾಲದ ಊಟ ಈ ತಿಂಗಳ ಇಪ್ಪತ್ತನಾಲ್ಕಕ್ಕೆ. ಅಡಿಗೆ ನನ್ನದು. ಅಮ್ಮ ಸೌಟು ಕೈಗೆ ಕೊಟ್ಟು ಇಪ್ಪತ್ತೆರಡು ವರ್ಷ. ಸಿಹಿಗೆಣಸಿನ ಜೊತೆ ಹುರಿದ ರಕೂನ್ ಇಲ್ಲದೆ ಈ ಹೊಳೆದಂಡೆಯಲ್ಲಿ ಯಾವ ಊಟವೂ ಊಟವಲ್ಲ. ತಮ್ಮ ಹೋಸಿಯಾ ಫೋನ್ ಮಾಡಿದ್ದ. ನಾಯಿಗಳ ಜೊತೆ ಹೊಳೆಯಾಚೆ ಕಾಡಿಗೆ ಮೂರು ಸಲ ಹೋಗಿಬಂದನಂತೆ. ಏಳು ಸಿಕ್ಕಿವೆ. ಹದಿನೆಂಟು ಬೇಕು.

"ಒಂದೊಂದಕ್ಕೂ ಒಂದು ಪಂಜ ಬಿಡು, ಮರೀಬೇಡ" ಎಂದೆ.

"ಅಕ್ಕ, ಮೀಸೆ ಬರೋಕೆ ಮುಂಚೆಯಿಂದ ಇದೇ ಕೆಲಸ ಮಾಡ್ತಿದ್ದೀನಿ. ನೀನು ವರ್ಷವರ್ಷ ಇದನ್ನೇ ಹೇಳ್ತೀಯ."

ಹೇಳುತ್ತೇನೆ. ಹೇಳುವುದು ನನ್ನ ಕೆಲಸ.

ಜನವರಿ ೧೪, ಬುಧವಾರ. ಉಪವಾಸ

ಮನಸ್ಸು ಕುದಿಯುತ್ತಿದೆ. ಬರೆದರಾದರೂ ಆರೀತು.

ಅಡಿಗೆ ಸಾಮಾನಿನ ಪಟ್ಟಿ ಕೊಡಲು ಪಾಸ್ಟರ ಮನೆಗೆ ಹೋಗಿದ್ದೆ. ಬೆಳಗ್ಗೆ ಹನ್ನೊಂದು, ಹಾಡುಹಗಲು. ಪಾಸ್ಟರಮ್ಮ ಯೊಲಾಂಡಾ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಾಳೆ. ಸುತ್ತ ಆರು ರಕೂನ್! ಬ್ರೆಡ್ಡಿನ ತುಂಡು ಕೈಯಲ್ಲಿ ಹಿಡಿದು ತಿನ್ನಿಸುತ್ತಿದ್ದಾಳೆ. ಉತ್ತರದ ಚಿಕಾಗೋ ಪಟ್ಟಣದಲ್ಲಿ ಹುಟ್ಟಿ ಬೆಳೆದವಳು. ಇಪ್ಪತ್ತೆಂಟು ವರ್ಷ. ಗಂಡನ ಜೊತೆ ಇಲ್ಲಿಗೆ ಬಂದು ಐದು ತಿಂಗಳು ತುಂಬಿಲ್ಲ.

"ಶ್... ನಿಧಾನ ಒಜೆಲ್ಲಕ್ಕ. ಹೆದರ್ತಾವೆ."

"ಹೆದರ್ಲಿ ಪಾಸ್ಟರಮ್ಮ. ಹೆದರಿದ್ರೇನೇ ಅವಕ್ಕೆ ಒಳ್ಳೇದು."

"ನೋಡಿ, ಹೆಂಗೆ ಕೈ ಜೋಡಿಸ್ತಾವೆ! ಪ್ರಾರ್ಥನೆ ಮಾಡೋ ಹಂಗೆ."

"ಪ್ರಾರ್ಥನೆ ಎಲ್ಲಿಂದ ಬಂತಮ್ಮ, ಬ್ರೆಡ್ಡು ಬೇಕು ಅವಕ್ಕೆ."

ಒಂದು ದೊಡ್ಡದು ತುಂಡು ತಗೊಂಡು ನೀರಿನ ಬಟ್ಟಲಲ್ಲಿ ಅದ್ದಿ ಹೊರಳಿಸಿತು. ಯೊಲಾಂಡಾ ನಕ್ಕಳು. "ತೊಳ್ಕೊಂಡು ತಿನ್ನುತ್ತೆ! ನಮ್ಮ ಸಭೇಲಿ ಕೆಲವರಿಗೆ ಇಷ್ಟು ಶುಚಿ ಇಲ್ಲ."

"ತೊಳೆಯೋದಲ್ಲ ಅದು, ತಡವೋದು. ಹಳ್ಳದಲ್ಲಿ ನಿಂತು ಕಣ್ಣು ಎಲ್ಲೋ ಇಟ್ಟು, ಕಲ್ಲಡಿ ಕೈ ಹಾಕಿ ಸಿಗಡಿ ಹುಡುಕಿ ಅಭ್ಯಾಸ. ಅದರ ಕಣ್ಣೆಲ್ಲ ಬೆರಳಲ್ಲಿ. ನಿಮ್ಮ ಬಟ್ಟಲು ಕಂಡು ಹಳ್ಳ ಅನ್ಕೊಂಡಿದೆ, ಪಾಪ."

ನಗುತ್ತಲೇ ಇದ್ದಳು. ನನಗೆ ನಗು ಬರಲಿಲ್ಲ. ಇದು ಜನವರಿ. ಥಂಡಿ ಹೆಚ್ಚಾದ ದಿನ ಅವು ಸೈಪ್ರೆಸ್ ಮರದ ಪೊಟರೆಯಲ್ಲಿ ಬಾಲ ಮುಖಕ್ಕೆ ಸುತ್ತಿ ಮಲಗಿರಬೇಕು. ಸ್ವಲ್ಪ ಬೆಚ್ಚಗಾದರೆ ಗಂಡು ಒಂಟಿಯಾಗಿ ಹೆಣ್ಣನ್ನು ಹುಡುಕಿ ಮೈಲಿಗಟ್ಟಲೆ ಅಲೆಯಬೇಕು. ತಾಯಿ, ಹೋದ ವರ್ಷದ ಮರಿಗಳು ಒಂದು ಕಡೆ, ಗಂಡು ಇನ್ನೊಂದು ಕಡೆ. ದೇವರು ಇಟ್ಟ ಕ್ರಮ ಅದು. ಒಂದೇ ಬಟ್ಟಲಿಗೆ ಆರು ಮೂತಿ ಹಾಕಿಸುವುದು ಇವಳ ಕ್ರಮ. ಒಂದಕ್ಕೆ ರೋಗ ಬಂದರೆ ಆರಕ್ಕೂ ಬಂತು. ಎಂಟು ವರ್ಷದ ಹಿಂದೆ ಹಾಗೇ ಆಗಿತ್ತು. ಹಗಲಲ್ಲೇ ರಸ್ತೆ ಮಧ್ಯೆ ತೂರಾಡುತ್ತಿದ್ದವು, ಕಣ್ಣಲ್ಲಿ ಕೀವು. ನೋಡಲಾಗುತ್ತಿರಲಿಲ್ಲ. ಇದನ್ನೆಲ್ಲ ಹೇಳಿದೆ. ತಲೆ ಆಡಿಸಿದಳು. ಇನ್ನೊಂದು ತುಂಡು ಹಾಕಿದಳು.

ಆಮೇಲೆ ಮೆಲ್ಲಗೆ ಕೇಳಿದಳು: "ಊಟಕ್ಕೆ ಅಡಿಗೆ ಮಾಡೋದು... ಇವನ್ನೇನಾ?"

"ಇವು ಯಾಕೆ? ಹೊಳೆಯಾಚೆ ಕಾಡಿನವು."

"ಬೇಟೆಯವರು ಒಂದು ಕಾಲು ಕತ್ತರಿಸದೆ ಬಿಡ್ತಾರಂತಲ್ಲ, ಯಾರೋ ಹೇಳಿದ್ರು."

"ಒಂದು ಪಂಜ ಬಿಡ್ತಾರೆ. ತಲೆ, ಚರ್ಮ ತೆಗೆದ ಮೇಲೆ ಬೆಕ್ಕಿಗೂ ಇದಕ್ಕೂ ಯಾರು ಗುರುತು ಹಿಡೀತಾರೆ? ಪಂಜ ನೋಡಿದ್ರೆ ಗೊತ್ತಾಗುತ್ತೆ. ಪಂಜ ಇಲ್ಲದ್ದನ್ನ ಈ ಕಡೆ ಯಾರೂ ಕೊಳ್ಳಲ್ಲ, ಬೇಯಿಸಲ್ಲ, ಬಾಯಿಗಿಡಲ್ಲ. ಶನಿವಾರ ಬೆಳಗ್ಗೆ ಸಭೆ ಹಿರಿಯರು ಬಂದು ಒಂದೊಂದೇ ನೋಡಿ ಎಣಿಸ್ತಾರೆ. ಅವರೆದುರೇ ಕತ್ತರಿಸಿ ಒಲೆ ಮೇಲಿಡ್ತೀನಿ."

ಯೊಲಾಂಡಾ ತನ್ನ ಅಂಗೈ ನೋಡಿಕೊಂಡಳು. ಆ ದೊಡ್ಡದು ಅದೇ ಅಂಗೈಯಿಂದ ಬ್ರೆಡ್ಡು ಕಿತ್ತುಕೊಳ್ಳುತ್ತಿತ್ತು.

ಜನವರಿ ೨೩, ಶುಕ್ರವಾರ. ಮೂರೂವರೆ

ಉಪವಾಸ ಬಿಟ್ಟೆ. ಒಂದು ಬಟ್ಟಲು ಬೀನ್ಸು, ಈರುಳ್ಳಿ.

ಬೆಳಗ್ಗೆ ಏಳರಿಂದ ಚರ್ಚಿನ ಅಡಿಗೆಮನೆಯಲ್ಲೇ ಇದ್ದೆ. ಹೋಸಿಯಾ ಹದಿನೆಂಟೂ ತಂದಿಳಿಸಿದ. ಪಂಜ ಎಣಿಸಿಯೇ ಒಳಗೆ ತಗೊಂಡೆ. ಕಂಕುಳಲ್ಲಿ, ಸೊಂಟದ ಹತ್ತಿರ ಅವರೆಕಾಳಿನಷ್ಟು ಗಂಟುಗಳಿರುತ್ತವೆ. ಒಂದು ಬಿಟ್ಟರೂ ಇಡೀ ಪಾತ್ರೆ ನಾರುತ್ತದೆ. ಎಲ್ಲ ತೆಗೆದು, ಕೊಬ್ಬು ಬಿಡಿಸಿ, ಮೂರು ತೊಟ್ಟಿಯಲ್ಲಿ ಉಪ್ಪುನೀರಿಗೆ ಹಾಕಿದೆ. ಬೆನ್ನು ಸೆಟೆದುಹೋಗಿದೆ.

ಎರಡು ಗಂಟೆಗೆ ಯೊಲಾಂಡಾ ಬಂದಳು. ಏಪ್ರನ್ ಕಟ್ಟಿಕೊಂಡೇ ಬಂದಿದ್ದಾಳೆ. "ನೀವು ಪ್ರಾರ್ಥನೆಗೆ ಹೋಗಿ ಅಕ್ಕ. ಸಂಜೆ ನೀರು ನಾನು ಬದಲಾಯಿಸ್ತೀನಿ. ನಮ್ಮ ಹತ್ರ ಇನ್ನೊಂದು ಕೀಲಿ ಇದೆಯಲ್ಲ." ತೊಟ್ಟಿ ಕಡೆ ನೋಡದೆ ಹೇಳಿದಳು. ಹೆದರಿಕೆ ಇದ್ದರೂ ಬಂದಳಲ್ಲ ಎಂದು ಖುಷಿಯಾಯಿತು. ಕಲಿಯಲಿ. ಅವಳಿಗಾಗಿಯೂ ಪ್ರಾರ್ಥಿಸಿದೆ.

ಜನವರಿ ೨೪, ಶನಿವಾರ. ಸಂಜೆ

ಪೆನ್ಸಿಲಿನ ಮೊನೆ ಎರಡು ಸಲ ಮುರಿದೆ. ಸಿಟ್ಟಿಗೆ.

ಬೆಳಗ್ಗೆ ಎಂಟಕ್ಕೆ ಹಿರಿಯರು ಬಂದರು. ಅವರಲ್ಲಿ ಲೂಥರಣ್ಣ ಮೊದಲ ತೊಟ್ಟಿಗೆ ಕೈ ಹಾಕಿ ಒಂದನ್ನು ಎತ್ತಿದ. ತಿರುಗಿಸಿದ. ಇನ್ನೊಂದು ಎತ್ತಿದ. ನನ್ನ ಮುಖ ನೋಡಿದ.

"ಒಜೆಲ್ಲ... ಪಂಜ ಎಲ್ಲಿ?"

ಒಂದಕ್ಕೂ ಇಲ್ಲ. ಹದಿನೆಂಟಕ್ಕೂ ಇಲ್ಲ. ಮಣಿಕಟ್ಟಿಗೆ ಸರಿಯಾಗಿ, ಯಾರೋ ನೀಟಾಗಿ ಕತ್ತರಿಸಿ ತೆಗೆದಿದ್ದಾರೆ. ನನ್ನ ಚಾಕು ತೊಳೆದು ಬಟ್ಟೆ ಮೇಲೆ ಇಟ್ಟಿದೆ.

ಹಿಂದೆ ಗೆಣಸು ಹೆಚ್ಚಲು ಬಂದ ಹೆಂಗಸರು. ಅವರಲ್ಲಿ ಲರ್ಲೀನ್. ಗಾಯನ ತಂಡದ ಮುಂದಾಳು. ಈ ಅಡಿಗೆಮನೆಯ ಮೇಲೆ ಹತ್ತು ವರ್ಷದಿಂದ ಕಣ್ಣು. ಎಲ್ಲರಿಗೂ ಕೇಳುವ ಹಾಗೆ ಅಂದಳು: "ನಮ್ಮ ಡಚೆಸ್ ಮಂಗಳವಾರದಿಂದ ಮನೆಗೆ ಬಂದಿಲ್ಲ."

ಡಚೆಸ್ ಅವಳ ಬೆಕ್ಕು.

"ಲರ್ಲೀನ್, ಏನು ಹೇಳ್ತಿದ್ದೀಯ, ಗೊತ್ತಿದ್ದೇ ಹೇಳ್ತಿದ್ದೀಯಾ?"

"ನಾನೇನಂದೆ? ಬೆಕ್ಕು ಬಂದಿಲ್ಲ ಅಂದೆ."

ಮೈ ನೋಡಿ, ಭುಜ ನೋಡಿ, ಕಪ್ಪು ಮಾಂಸ ನೋಡಿ, ಚರ್ಮ ತೆಗೆದ ಮೇಲೂ ಹತ್ತು ಪೌಂಡು ಯಾವ ಬೆಕ್ಕು ತೂಗುತ್ತೆ — ಬಾಯಿ ಒಣಗುವವರೆಗೆ ಹೇಳಿದೆ. ಲೂಥರಣ್ಣ ಟೋಪಿ ತಿರುಗಿಸುತ್ತ ನಿಂತ. "ನಾನು ನಂಬ್ತೀನಿ ತಾಯಿ. ಆದ್ರೆ ಜನಕ್ಕೆ ಏನು ತೋರಿಸ್ಲಿ?"

ಆಗ ಯೊಲಾಂಡಾ ಬಂದಳು. ಬಾಗಿಲಲ್ಲೇ ನಿಂತಳು. ನಾನು ಅವಳನ್ನು ನೋಡಿದೆ. ಅವಳು ತನ್ನ ಬೂಟು ನೋಡಿದಳು. ಕೀಲಿ ಇರುವುದು ಎರಡೇ — ನನ್ನದು, ಪಾಸ್ಟರ ಮನೆಯದು. ಯಾರ ಕೆಲಸ ಎಂದು ಆ ಕ್ಷಣವೇ ಗೊತ್ತಾಯಿತು. ಅವಳೇ ಹೇಳುತ್ತಾಳೆ ಎಂದು ಕಾದೆ. ಹತ್ತು ಜನರೆದುರು ನಾನು ಬೆರಳು ತೋರಿಸಿದ್ದರೆ, ತಪ್ಪು ಪಾಸ್ಟರ ಹೆಂಡತಿ ಮೇಲೆ ಹಾಕಿದಳು ಎಂಬ ಇನ್ನೊಂದು ಮಾತು. ಮಧ್ಯಾಹ್ನ ಪಂಜಗಳಿಗಾಗಿ ಅಡಿಗೆಮನೆಯ ಕಸದ ಡಬ್ಬ ಹುಡುಕಿದೆ. ಇಲ್ಲ. ಅವಳ ಹಿಂಬಾಗಿಲಲ್ಲಿ ಬಟ್ಟಲು ಖಾಲಿ, ಸುತ್ತ ಹೆಜ್ಜೆ. ಅಲ್ಲಿ ಎಸೆದಿದ್ದರೆ ಅವಳ ಅತಿಥಿಗಳೇ ಮುಗಿಸಿರುತ್ತವೆ. ಅವಕ್ಕೆ ತನ್ನವರು ಪರರು ಎಂಬುದಿಲ್ಲ, ಸಿಕ್ಕಿದ್ದು ತಿನ್ನುತ್ತವೆ.

ನೂರಿಪ್ಪತ್ತು ಜನ ಗೆಣಸು, ಸೊಪ್ಪು ತಿಂದು ಎದ್ದರು. ಮಾಂಸ ಹಿತ್ತಲಲ್ಲಿ ಗುಂಡಿ ತೋಡಿ ಹೂಳಿದರು. ಹದಿನೆಂಟು ಜೀವ! ತಿನ್ನಲೆಂದು ಕೊಂದದ್ದು, ತಿನ್ನದೆ ಮಣ್ಣಿಗೆ ಹಾಕಿದ್ದು. ಇದಕ್ಕೆ ಯಾರು ಲೆಕ್ಕ ಒಪ್ಪಿಸುತ್ತಾರೆ? ಪಂಜ ಬಿಡುವುದು ಬರೀ ಬೆಕ್ಕಿನ ಅನುಮಾನಕ್ಕಲ್ಲ. ಆ ಪ್ರಾಣಿ ನಮ್ಮ ಮೇಜಿಗೆ ತನ್ನ ಹೆಸರಿನಲ್ಲೇ ಬರಬೇಕು. ನಾವು ಏನನ್ನು ಕೊಂದೆವು ಎಂದು ಕಣ್ಣಿಂದ ನೋಡಿಯೇ ತಿನ್ನಬೇಕು. ಅಮ್ಮ ಹಾಗೆ ಹೇಳಿಕೊಟ್ಟಿದ್ದಳು.

ಜನವರಿ ೨೫, ಭಾನುವಾರ

ಆರಾಧನೆಯಲ್ಲಿ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವ ಹೊತ್ತಿನಲ್ಲಿ ಯೊಲಾಂಡಾ ಎದ್ದು ನಿಂತಳು. ನನ್ನ ಎದೆ ಹಗುರಾಯಿತು, ದೇವರೇ ಎಂದೆ.

"ಗಾಯನ ಅಭ್ಯಾಸ ಗುರುವಾರಕ್ಕೆ ಮುಂದೆ ಹೋಗಿದೆ" ಎಂದು ಕೂತಳು.

ಆಮೆನ್ ಎಂದರು ಎಲ್ಲ. ನಾನು ಅನ್ನಲಿಲ್ಲ.

ಫೆಬ್ರವರಿ ೧, ಭಾನುವಾರ

ಒಂದು ವಾರ ಬರೆಯಲಿಲ್ಲ. ಬರೆಯುವಂಥದ್ದು ಏನಿತ್ತು... ಅಂಗಡಿಯಲ್ಲಿ ನಾನು ಒಳಗೆ ಹೋದರೆ ಮಾತು ನಿಲ್ಲುತ್ತದೆ. ಬುಧವಾರ ಕಾಯಿಲೆ ಮಲಗಿದ ಮೇಬಲ್ ಅಜ್ಜಿಗೆ ಸೂಪು ಕಳಿಸಿದೆ. ಪಾತ್ರೆ ಮುಚ್ಚಳ ತೆಗೆಯದೆ ವಾಪಸು ಬಂತು. ಕೋಳಿ ಸೂಪು. ನನ್ನ ಕೋಳಿ.

ಇವತ್ತು ಚರ್ಚಿನ ಮೆಟ್ಟಿಲ ಮೇಲೆ ಲರ್ಲೀನ್ ಮುಖ ಅರಳಿಸಿಕೊಂಡು ಬಂದಳು. ಡಚೆಸ್ ಮನೆಗೆ ಬಂದಿದ್ದಾಳೆ. ಹೊಟ್ಟೆ ತುಂಬಿಕೊಂಡು, ಬಾಣಂತನಕ್ಕೆ.

"ಸದ್ಯ" ಎಂದೆ. "ಹಾಗಾದ್ರೆ?"

"ಹಾಗಾದ್ರೆ ಅಂದ್ರೆ?"

"ಹಾಗಾದ್ರೆ ನನ್ನ ತೊಟ್ಟೀಲಿ ಇದ್ದಿದ್ದು ನಿನ್ನ ಬೆಕ್ಕಲ್ಲ."

"ನನ್ನ ಬೆಕ್ಕಲ್ಲ ನಿಜ" ಎಂದಳು ಲರ್ಲೀನ್. "ಬೇರೆ ಯಾರದ್ದೋ ಇರಬಹುದು. ನಾಯಿನೂ ಇರಬಹುದಪ್ಪ, ನನಗೇನು ಗೊತ್ತು?"

ಹೋಸಿಯಾ ಹಿಂದೆಯೇ ಇದ್ದ. ಕೆಂಡವಾದ. "ನನ್ನ ನಾಯಿಗಳು ಹುಟ್ಟಿದಾಗಿಂದ ಒಂದು ಬೆಕ್ಕಿಗೂ ಬೊಗಳಿಲ್ಲ ಕಣಮ್ಮ! ಹದಿನೆಂಟು ಚರ್ಮ ಮನೇಲಿ ಹಲಗೆಗೆ ಹೊಡೆದಿದ್ದೀನಿ, ಬಾಲದ ಪಟ್ಟೆ ಎಣಿಸ್ಕೊಂಡು ಬಾ ಬೇಕಾದ್ರೆ!"

"ಚರ್ಮ ರಕೂನಿಂದೇ ಇರಬಹುದು ಹೋಸಿಯಾ. ಮಾಂಸ ಯಾವುದರದ್ದು ಅಂತ ಚರ್ಮ ಹೇಳುತ್ತಾ?"

ಸುತ್ತ ನಿಂತವರು ನಕ್ಕರು. ನಾನು ಅನ್ನ ಇಕ್ಕಿದ ಜನ. ಯಾರ ಯಾರ ಮದುವೆಗೆ, ಯಾರ ಯಾರ ಮಣ್ಣಿಗೆ ಬೆಳಗಿನ ಜಾವ ಎದ್ದು ಒಲೆ ಹಚ್ಚಿದ್ದೆನೋ ಅವರು.

ಫೆಬ್ರವರಿ ೪, ಬುಧವಾರ

ಚರ್ಚಿನ ಉಪವಾಸ ಜನವರಿಗೇ ಮುಗಿಯಿತು. ನಾನು ಮುಂದುವರಿಸಿದ್ದೇನೆ. ನ್ಯಾಯ ಸಿಗುವವರೆಗೆ.

ಪಾಸ್ಟರು ಕಾಗದ ಕಳಿಸಿದ್ದಾರೆ. ಅರ್ಧ ಮೈಲಿ ದೂರದ ಮನೆಯಿಂದ ಅಂಚೆಯಲ್ಲಿ! ಟೈಪ್ ಮಾಡಿದ್ದು.

"ಪ್ರಿಯ ಸಹೋದರಿ ಒಜೆಲ್ಲಾ ಪ್ರೂಟ್, ನಿಮ್ಮ ಇಪ್ಪತ್ತೆರಡು ವರ್ಷಗಳ ಸೇವೆಗಾಗಿ ದೇವರಿಗೆ ಸ್ತೋತ್ರ. ಸಭೆಯ ಸಮಾಧಾನದ ಹಿತದೃಷ್ಟಿಯಿಂದ ತಾವು ಕೆಲವು ಕಾಲ ವಿಶ್ರಾಂತಿ ಪಡೆಯುವುದು ಒಳಿತೆಂದು ಹಿರಿಯರು ಅಭಿಪ್ರಾಯಪಟ್ಟಿದ್ದಾರೆ. ಅಡಿಗೆಮನೆಯ ಕೀಲಿಯನ್ನು ಸಹೋದರಿ ಲರ್ಲೀನ್ ಅವರಿಗೆ ಒಪ್ಪಿಸುವುದು. ಭಾನುವಾರದೊಳಗೆ ತಮ್ಮ ಉತ್ತರ ಬರಲಿ."

ವಿಶ್ರಾಂತಿಯಂತೆ! ನಾನು ಕೇಳಿದೆನೇ? ದಣಿದೆ ಎಂದೆನೇ? ಐವತ್ತನೇ ವಯಸ್ಸಿಗೆ ಕೆಲಸದಿಂದ ತೆಗೆಯುತ್ತಾರೆ, ಅದಕ್ಕೆ ದೇವರ ಸ್ತೋತ್ರ ಬೇರೆ. ಆ ಮನುಷ್ಯ ಒಳ್ಳೆಯವನೇ. ಏನೂ ಗೊತ್ತಿಲ್ಲ ಅವನಿಗೆ. ಗೊತ್ತಿರುವವಳು ಅವನ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಾಳೆ.

ಕೀಲಿಯನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದೇನೆ. ಬಂದು ಕಿತ್ತುಕೊಳ್ಳಲಿ.

ಫೆಬ್ರವರಿ ೫, ಗುರುವಾರ

ಯೊಲಾಂಡಾ ಬಂದಿದ್ದಳು. ತಪ್ಪೊಪ್ಪಿಕೊಳ್ಳಲು ಬಂದಳು ಎಂದು ಬಾಗಿಲು ತೆಗೆದೆ. ಬಂದದ್ದು ಅದಕ್ಕಲ್ಲ!

"ಅಕ್ಕ, ನಮ್ಮ ಅಟ್ಟದಲ್ಲಿ ರಕೂನ್ ಸೇರ್ಕೊಂಡಿದೆ. ಸೂರಿನ ಹಲಗೆ ಕಿತ್ತು ಒಳಗೆ ಬಂದಿದೆ. ಮಲಗೋ ಕೋಣೆ ಮೇಲೇ. ಗಲೀಜು ಸೋರ್ತಿದೆ. ಏನು ಮಾಡ್ಲಿ?"

ಹನ್ನೆರಡು ದಿನದಿಂದ ನನ್ನ ಹೆಸರು ಊರೆಲ್ಲ ಬಿದ್ದು ಹೊರಳುತ್ತಿದೆ, ಇವಳಿಗೆ ಅಟ್ಟದ ಚಿಂತೆ.

ಆದರೂ ಹೇಳಿದೆ. ಹೇಳದಿದ್ದರೆ ಯಾರೋ ಬಂದೂಕು ತಗೊಂಡು ಹತ್ತುತ್ತಾರೆ. "ಹೆಣ್ಣಿರಬೇಕು. ಏಪ್ರಿಲ್‌ಗೆ ಮರಿ ಹಾಕೋಕೆ ಈಗಿಂದ ಜಾಗ ನೋಡುತ್ತೆ. ಅಮೋನಿಯಾ ಅದ್ದಿದ ಬಟ್ಟೆ ಇಡು. ದೀಪ ಹಚ್ಚಿಡು, ರೇಡಿಯೋ ಹಾಕಿಡು. ಕತ್ತಲು, ಮೌನ ಬೇಕು ಅದಕ್ಕೆ, ಅವೆರಡೂ ಸಿಗದಿದ್ರೆ ತಾನೇ ಹೋಗುತ್ತೆ. ಹೋದ ಮೇಲೆ ತಗಡು ಹೊಡೆಸು. ಬಟ್ಟಲು ಒಳಗಿಡು ಮೊದಲು."

"ಒಂದು ತಿಂಗಳು ಅನ್ನ ಹಾಕಿದ್ದೆ ಅಕ್ಕ..."

"ಅದಕ್ಕೇ ಬಂದಿರೋದು. ಇನ್ನೇನು, ಥ್ಯಾಂಕ್ಸ್ ಹೇಳೋಕೆ ಬರುತ್ತಾ?"

ಅವಳು ಕುರ್ಚಿ ಎಳೆದು ಕೂತಳು. ಆಗ ಬಂತು ಮಾತು. ನೀರು ಬದಲಾಯಿಸಲು ತೊಟ್ಟಿಗೆ ಕೈ ಹಾಕಿದಳಂತೆ. ನೀರೊಳಗಿಂದ ಒಂದು ಪಂಜ ಅವಳ ಬೆರಳಿಗೆ ತಾಕಿತಂತೆ. ಬೆಳಗ್ಗೆ ಬ್ರೆಡ್ಡು ತಗೊಂಡ ಅದೇ ಕೈ ಅನ್ನಿಸಿತಂತೆ. ಹಲ್ಲು ಕಚ್ಚಿಕೊಂಡು ಹದಿನೆಂಟನ್ನೂ ಕತ್ತರಿಸಿ ಹೊರಗೆ ಎಸೆದಳಂತೆ.

"ಹೆಂಗೂ ನೀವು ಬೆಳಗ್ಗೆ ಕತ್ತರಿಸ್ತೀರಲ್ಲ, ಸಹಾಯ ಆಗುತ್ತೆ ಅನ್ಕೊಂಡೆ ಅಕ್ಕ. ಹಿರಿಯರು ಪಂಜ ನೋಡಿ ಎಣಿಸೋದು ಮರೆತೇಹೋಯ್ತು. ಎಲ್ರೂ ಕೂಗಾಡ್ತಿದ್ರು, ಬಾಯಿ ಬರ್ಲಿಲ್ಲ."

"ಅವತ್ತು ಬರ್ಲಿಲ್ಲ. ಮಾರನೇ ದಿನ? ಅದರ ಮಾರನೇ ದಿನ?"

"ಇವರಿಗೆ ಇದು ಮೊದಲನೇ ಸಭೆ. ನಾನೇ ಅಂತ ಗೊತ್ತಾದ್ರೆ ನಮ್ಮನ್ನ ಇಲ್ಲಿ ಇಟ್ಕೊಳ್ಳಲ್ಲ. ನೀವು... ನೀವು ಗಟ್ಟಿ ಮನುಷ್ಯರು ಅಕ್ಕ. ತಡ್ಕೋತೀರಿ. ಸ್ವಲ್ಪ ದಿನ ಹೋದ್ರೆ ಜನ ಮರೀತಾರೆ."

ಗಟ್ಟಿ! ಈ ಮಾತು ಹುಟ್ಟಿದಾಗಿಂದ ಕೇಳುತ್ತಿದ್ದೇನೆ. ಹೊರುವ ಮೂಟೆ ಸಿಕ್ಕಿದಾಗಲೆಲ್ಲ ಯಾರೋ ಬಂದು ನೀನು ಗಟ್ಟಿ ಅನ್ನುತ್ತಾರೆ, ನನ್ನ ಬೆನ್ನ ಮೇಲೆ ಇಟ್ಟು ಹೋಗುತ್ತಾರೆ.

"ಗಂಡನಿಗೆ ಹೇಳಿದ್ದೀಯಾ?"

ಇಲ್ಲ ಎಂದು ತಲೆ ಆಡಿಸಿದಳು.

"ಆ ಕಾಗದ ಟೈಪ್ ಮಾಡಿದ್ದು ಯಾರು?"

"ನಾನೇ" ಎಂದಳು.

ಎದ್ದು ಬಾಗಿಲು ತೆಗೆದೆ. ಹೋದಳು. ಅಮೋನಿಯಾ ಬಾಟಲಿ ಮಾತ್ರ ಕೈಗೆ ಕೊಟ್ಟೆ. ಆ ಪ್ರಾಣಿಯ ತಪ್ಪೇನಿದೆ?

ಫೆಬ್ರವರಿ ೬, ಶುಕ್ರವಾರ. ಉಪವಾಸ. ಮಧ್ಯಾಹ್ನ ಒಂದು

ಬೆಳಗ್ಗೆಯಿಂದ ನಾಲ್ಕು ಹಾಳೆ ಹರಿದೆ.

ಮೊದಲನೆಯದರಲ್ಲಿ ಎಲ್ಲ ಬರೆದೆ. ಅವಳ ಹೆಸರು, ಚಾಕು, ತೊಟ್ಟಿ. ಓದಿದರೆ ಲರ್ಲೀನ್ ಬರೆದ ಹಾಗಿತ್ತು. ಹರಿದೆ. ಎರಡನೆಯದರಲ್ಲಿ ಏನೂ ಬರೆಯದೆ ಕೀಲಿ ಮಡಿಸಿಟ್ಟೆ. ಶಿಲುಬೆ ಹೊತ್ತ ಕರ್ತನ ಹಾಗೆ ತಾಳಿಕೊಳ್ಳೋಣ ಎಂದು. ಮೊಣಕಾಲೂರಿ ಕೂತೆ. ಪ್ರಾರ್ಥನೆ ಬರಲಿಲ್ಲ, ಮೇಬಲ್ ಅಜ್ಜಿಯ ಮುಚ್ಚಿದ ಪಾತ್ರೆಯೇ ಕಣ್ಣೆದುರು ಬಂತು. ಸುಳ್ಳಿಗೆ ನಾನು ಮುಸುಕು ಹಾಕಿದರೆ ಅದು ತಾಳ್ಮೆ ಹೇಗಾದೀತು? ಆ ಹುಡುಗಿಗೂ ಅದರಿಂದ ಒಳ್ಳೆಯದಾಗುವುದಿಲ್ಲ. ಮೂವತ್ತು ವರ್ಷ ಇದೇ ಜನರೆದುರು ನೆಲ ನೋಡಿಕೊಂಡು ಬದುಕುತ್ತಾಳೆ. ಹರಿದೆ. ಮೂರು, ನಾಲ್ಕು ಬರೀ ಸಿಟ್ಟು.

ಐದನೆಯದು ಉಳಿಯಿತು. ಇಷ್ಟೇ ಇದೆ:

"ಪಾಸ್ಟರೇ, ಕೀಲಿ ಕೊಡುವುದಿಲ್ಲ. ಪಂಜ ಕತ್ತರಿಸಿದ್ದು ನಾನಲ್ಲ. ಯಾರು ಎಂದು ಈ ಕಾಗದ ತಂದುಕೊಟ್ಟವರನ್ನು ಕೇಳಿ. ಅವರು ಹೇಳಿದ ಮೇಲೆ ಅವರನ್ನು ಬಯ್ಯಬೇಡಿ. ಮುಂದಿನ ಶನಿವಾರ ನನ್ನ ಪಕ್ಕ ನಿಂತು ಕೆಲಸ ಕಲಿಯಲು ಕಳಿಸಿ. — ಒಜೆಲ್ಲಾ ಪ್ರೂಟ್."

ಲಕೋಟೆಗೆ ಹಾಕಿದೆ. ಅಂಟಿಸಲಿಲ್ಲ. ಓದಿಯೇ ಒಯ್ಯಲಿ.

ಹೋಸಿಯಾ ಟ್ರಕ್ಕಿನಲ್ಲಿ ಬಂದು ಕೊಡು ಎಂದ. ಇಲ್ಲ ಎಂದೆ. "ಯಾಕಕ್ಕ, ಆ ದಾರೀಲೇ ಹೋಗ್ತಿದ್ದೀನಿ." "ನೀನು ಒಯ್ದ್ರೆ ಅದು ಬರೀ ಕಾಗದ, ಹೋಗು" ಎಂದೆ. ಅರ್ಥವಾಗಲಿಲ್ಲ ಅವನಿಗೆ. ಹೋದ.

ಒಂದೂಕಾಲು. ಪಾಸ್ಟರ ಮನೆಗೆ ಫೋನ್ ಮಾಡಿದೆ. ಯೊಲಾಂಡಾನೇ ಎತ್ತಿದಳು. ಹಿಂದೆ ರೇಡಿಯೋ ಜೋರಾಗಿ ಕೂಗುತ್ತಿತ್ತು, ಅಟ್ಟದ್ದು. ಯಾಕೆ ಫೋನ್ ಮಾಡಿದೆ ಎಂದು ಕೇಳಲಿಲ್ಲ.

ನಾನೇ ಅಂದೆ: "ಉತ್ತರ ಬರೆದಿಟ್ಟಿದ್ದೀನಿ ಮಗಳೇ. ಅಂಚೆಗೆ ಹಾಕಲ್ಲ. ಮೂರು ಗಂಟೆ ತನಕ ಬಾಗಿಲು ತೆಗೆದೇ ಇರುತ್ತೆ. ನೀನೇ ಬಂದು ತಗೊಂಡು ಹೋಗಿ ಗಂಡನ ಕೈಗೆ ಕೊಡು."